ಮುಡಿಪಿನ ನಾಣ್ಯ ಕೆಂಪಾದದ್ದು

ಬಸ್‌ ನಿಲ್ದಾಣದ ಹಿಂದೆ ತಗಡು ಹೊದಿಸಿದ ಒಂದೇ ಕೋಣೆ. ಪೂಜ್ಯ ಗುರುಪಾದಜ್ಜನವರಿಗೆ ಅದೇ ಮಠ, ಅದೇ ಮನೆ. ಭಕ್ತರು ಕಟ್ಟಿಸಿಕೊಡುತ್ತೇವೆಂದ ಕಟ್ಟಡ ಬೇಡವೆಂದು, ಹರಿದ ಗೋಣಿಚೀಲ ಹೊಲಿದು ಬಂದದ್ದರಲ್ಲಿ ಉಣ್ಣುತ್ತಿದ್ದರು. ಆ ಬೆಳಿಗ್ಗೆಯೂ ದಬ್ಬಣ ಹಿಡಿದು ಕುಳಿತಿದ್ದಾಗ ನೀಲವ್ವ ಏದುಸಿರು ಬಿಡುತ್ತ ಬಂದು ಅವರ ಪಾದದ ಬಳಿ ಕುಸಿದಳು.

ಮಗಳು ಶಿವಲೀಲಾಳಿಗೆ ದಿನ ತುಂಬಿದ್ದವು. ಕೂಸು ಅಡ್ಡ ತಿರುಗಿದೆ, ಇಂದೇ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ್ದರು. ಹೊರಡುವ ಮುನ್ನ ಮಗಳ ಹಣೆಗೆ ಮುಟ್ಟಿಸೋಣವೆಂದು ನೀಲವ್ವ ದೇವರ ಜಗಲಿಯ ಮೇಲಿದ್ದ ಮುಡಿಪು ತೆಗೆದಳು. ಮೂರು ತಿಂಗಳ ಹಿಂದೆ ಹರಕೆ ಹೊತ್ತು, ಐದು ರೂಪಾಯಿಯ ಹೊಸ ನಾಣ್ಯವನ್ನು ಅರಿಶಿನದ ಒದ್ದೆ ಬಟ್ಟೆಯಲ್ಲಿ ತಾನೇ ಕಟ್ಟಿಟ್ಟಿದ್ದಳು. ಈಗ ಬಿಚ್ಚಿ ನೋಡಿದಳು. ನಾಣ್ಯದ ಮೇಲೂ ಬಟ್ಟೆಯ ಮೇಲೂ ಒಣಗಿದ ನೆತ್ತರಿನಂಥ ಕೆಂಪು ಕಲೆ. ದೇವರು ಮುನಿದಿದ್ದಾನೆ, ಮಗಳು ಆಸ್ಪತ್ರೆಯಿಂದ ಜೀವಂತ ಬರುವುದಿಲ್ಲ ಎಂದೇ ಅವಳಿಗೆ ಖಾತ್ರಿಯಾಯಿತು. ಆಟೋ ಹತ್ತಿದ್ದ ಮಗಳನ್ನು ಇಳಿಸಿ, "ಅಜ್ಜಾರನ್ನ ಕೇಳಿ ಬರೂತನಕ ಯಾರೂ ಹೊಸ್ತಿಲ ದಾಟಬ್ಯಾಡ್ರಿ" ಎಂದು ಅಳಿಯನಿಗೆ ಆಣೆ ಹಾಕಿ ಓಡಿಬಂದಿದ್ದಳು.

ನೀಲವ್ವ ನಾಣ್ಯವನ್ನು ಅಜ್ಜನವರ ಮುಂದಿಟ್ಟಳು. "ನೆತ್ತರ ಬಂದೈತ್ರಿ ಅಜ್ಜಾ. ನನ್ನ ಮಗಳು ಉಳೀತಾಳೋ ಇಲ್ಲೋ?"

ಅಜ್ಜನವರು ನಾಣ್ಯವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅವಳ ಬಲಗೈ ನೋಡಿದರು. ದಿನವಿಡೀ ತಿನ್ನುವ ವೀಳ್ಯದೆಲೆಗೆ ಸುಣ್ಣ ಸವರಿ ಹೆಬ್ಬೆರಳು ಬೆಳ್ಳಗಾಗಿತ್ತು.

"ತಂಗೀ, ಬಾಣಂತಿ ಮನೀಗೆ ಬಂದಾಗ ಆರತಿ ನೀರು ಹೆಂಗ ಕಲಸ್ತಿ?"

"ಅರಿಶಿಣಕ್ಕ ಸುಣ್ಣಾ ಹಾಕಿ..." ನೀಲವ್ವ ತನ್ನ ಹೆಬ್ಬೆರಳು ನೋಡಿಕೊಂಡಳು.

"ಇದೇ ಸುಣ್ಣದ ಕೈಲೆ ಮುಡಿಪು ಕಟ್ಟೀದಿ."

ಕೇರಿಯ ಬಾಣಂತಿಯರಿಗೆಲ್ಲ ಆ ಕೆಂಪು ನೀರಿನ ಆರತಿ ಎತ್ತಿದವಳು ಅವಳೇ. ತನ್ನ ಕೈಯ ಬಣ್ಣ ತನಗೇ ಗುರುತು ಸಿಕ್ಕಿರಲಿಲ್ಲ. ಹೆದರಿಕೆ ಎಂಬುದು ಕಂಡ ಕಣ್ಣಿಗೇ ಮಣ್ಣೆರಚಿತ್ತು.

"ದೇವರು ಮುನಿದಿಲ್ಲವ್ವಾ. ನೀ ತಡಾ ಮಾಡಾಕತ್ತಿ" ಎಂದ ಅಜ್ಜನವರು ಮತ್ತೆ ದಬ್ಬಣ ಎತ್ತಿಕೊಂಡರು.

ನಿಜವಾದ ಭಯ ಅವಳಿಗೆ ಹುಟ್ಟಿದ್ದು ಆಗ. ಮನೆಯಲ್ಲಿ ಮಗಳು ನೋವು ತಿನ್ನುತ್ತಿದ್ದಾಳೆ, ಬಾಗಿಲಿಗೆ ಅಡ್ಡವಿರುವುದು ತನ್ನದೇ ಆಣೆ. ಅಳಿಯನಿಗೆ ಫೋನ್ ಹಚ್ಚಿ, "ಆಣಿ ತಗದೇನಪ್ಪಾ, ಹೊಂಡ್ರಿ, ನನಗ ಕಾಯಬ್ಯಾಡ್ರಿ" ಎಂದು ಕೂಗುತ್ತ ಬರಿಗಾಲಲ್ಲೇ ಆಸ್ಪತ್ರೆಯ ಕಡೆ ಓಡಿದಳು.

ತಾಯಿ ಮಗು ಇಬ್ಬರೂ ಉಳಿದರು. "ಇನ್ನರ್ಧ ತಾಸು ತಡ ಆಗಿದ್ದರ..." ಎಂದ ಡಾಕ್ಟರು ಮಾತು ಪೂರ್ತಿ ಮಾಡಲಿಲ್ಲ. ಆ ಅರ್ಧ ತಾಸನ್ನು ನೆನೆದು ನೀಲವ್ವ ಇಂದಿಗೂ ಬೆಚ್ಚಿಬೀಳುತ್ತಾಳೆ. ಕೇರಿಯಲ್ಲಿ ಯಾರಾದರೂ ಅಪಶಕುನವೆಂದು ಬಾಗಿಲಲ್ಲಿ ನಿಂತರೆ ಕೈಹಿಡಿದು ಎಳೆಯುವವಳು ಅವಳೇ: "ದೇವರು ದವಾಖಾನ್ಯಾಗೂ ಅದಾನ, ಮೊದಲ ನಡೀರಿ."