ಬಾಣಂತಿ ಬಂಡೆ

ನಮ್ಮ ಕಡೆಗಲ್ಲೂರಿನ ಬಡಗಣ ದಿಕ್ಕಿಗೆ, ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿದಂತೆ ಪದರ ಪದರವಾಗಿ ನಿಂತಿರುವುದೇ ಬಾಣಂತಿ ಬಂಡೆ. ಈಗೀಗ ಪಟ್ಟಣದವರು ಭೂತಗನ್ನಡಿ ಹಿಡಿದು ಬಂದು ಅದರ ಮುಂದೆ ಬೋರಲು ಮಲಗುತ್ತಾರೆ. ಮನುಷ್ಯರಿಲ್ಲದ ಕಾಲದಲ್ಲಿ, ಆನೆ ಆಕಳುಗಳೂ ಹುಟ್ಟದಿದ್ದಾಗ, ಮೊದಮೊದಲು ಮರಿಗೆ ಮೊಲೆಯೂಡಿಸಿದ ಜೀವಗಳ ಎಲುಬು ಇದರೊಳಗಿದೆಯಂತೆ. ಇರಲಿ. ನಮ್ಮೂರಿಗೆ ಅದು ಗೊತ್ತಾದದ್ದು ದ್ಯಾವಕ್ಕನ ಹೊಟ್ಟೆಕಿಚ್ಚಿನಿಂದ.

ಹಿಂದೆ ಒಮ್ಮೆ, ಊರೆಲ್ಲ ಚಪ್ಪಡಿ ಸೀಳಿಯೇ ಬದುಕುತ್ತಿದ್ದಾಗ, ಈ ದ್ಯಾವಕ್ಕನ ಮಗ ದೂರದ ಕೋಟೆ ಕೆಲಸಕ್ಕೆ ಹೋದವನು ವರ್ಷ ಕಳೆದರೂ ತಿರುಗಿ ಬರಲಿಲ್ಲ. ಸೊಸೆ ಮರೆವ್ವ ಮಾತ್ರ ಗಂಡುಕೂಸು ಹೆತ್ತಳು. ಊರಿನ ನಾಲಿಗೆಗೆ ಹಬ್ಬವಾಯಿತು. ಗಂಡ ಗುಟ್ಟಾಗಿ ಒಮ್ಮೆ ಬಂದು ಹೋದನೆಂದು ಅವಳ ಮಾತು. "ನನ್ನ ಮಗ ಬಂದು ಹೆತ್ತವ್ವನ ಮಾರಿ ನೋಡದ ಹೋಗ್ತಾನೇನ? ಯಾರ ಮುಂದ ಹೇಳ್ತಿ, ಹಾದರಗಿತ್ತಿ!" ಎಂದು ದ್ಯಾವಕ್ಕ ಬೀದಿಯಲ್ಲೇ ಬೊಬ್ಬೆಯಿಟ್ಟಳು. ಮರೆವ್ವನೇನು ಕಡಿಮೆಯವಳೆ? "ನಿನ್ನ ಮಾರಿ ನೋಡಬಾರದಂತನೇ ಗುಟ್ಟಾಗಿ ಬಂದಿದ್ದ, ಅತ್ತಿ" ಎಂದುಬಿಟ್ಟಳು. ಕೂಸಿನ ಮೂಗು ಗೌಡರ ತಮ್ಮನ ಮೂಗಿನಂತಿತ್ತು ಎನ್ನುವವರೂ ಇದ್ದಾರೆ. ಇದ್ದರೂ ಇದ್ದೀತು.

ಆಗೆಲ್ಲ ಇಂಥ ತಂಟೆಗೆ ಕಲ್ಲಾಣೆಯೇ ಗತಿ. ದೂರು ಹೊರಿಸಿದವರು ಚಪ್ಪಡಿ ಆರಿಸಬೇಕು, ದೂರು ಹೊತ್ತವರು ಅದನ್ನು ಉಳಿಯಿಟ್ಟು ಸೀಳಬೇಕು. ಪದರ ಬಿಚ್ಚಿ ಎರಡು ಹಲಗೆಯಾದರೆ ಸತ್ಯ, ಅಡ್ಡ ಒಡೆದರೆ ಸುಳ್ಳು. ಸುಳ್ಳಾದರೆ ಮರೆವ್ವ ಹಸುಗೂಸಿನೊಡನೆ ಊರು ಬಿಡಬೇಕು. ದ್ಯಾವಕ್ಕ ಬಂಡೆಯನ್ನೆಲ್ಲ ತಡವಿ, ನಡುವೆ ಗಂಟು ಉಬ್ಬಿದ್ದ ಚಪ್ಪಡಿಯನ್ನೇ ತೋರಿಸಿದಳು. ಗಂಟಿನ ಕಲ್ಲು ನೆಟ್ಟಗೆ ಸೀಳುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಆದರೂ ಒಂದು ನರಪಿಳ್ಳೆಯೂ ಬೇಡವೆನ್ನಲಿಲ್ಲ. ಚಂದ ನೋಡಲು ಬಂದವರಲ್ಲವೆ! ಮರೆವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಉಳಿಗೆ ಬಡಿದಳು. ಕಲ್ಲು ನಿಟ್ಟುಸಿರು ಬಿಟ್ಟು, ಅವರೆಕಾಯಿ ಬಿಚ್ಚಿದ ಹಾಗೆ ಆ ಗಂಟಿನ ನಡುವೆಯೇ ಎರಡು ಹಲಗೆಯಾಯಿತು ಎನ್ನುತ್ತಾರೆ.

ಒಳಗೆ ಮೂಗಿಲಿಯಷ್ಟು ತಾಯಿಯೊಂದು ಮಲಗಿತ್ತು. ಎಲುಬೆಲ್ಲ ಕಲ್ಲು. ಹೊಟ್ಟೆಗೆ ಅವುಚಿಕೊಂಡ ಮರಿಗಳು, ಅವುಗಳ ಬಾಯಲ್ಲಿ ರಾಗಿಕಾಳಿಗಿಂತ ಸಣ್ಣ ಹಲ್ಲು. ಗುಡ್ಡ ಹುಟ್ಟುವ ಮೊದಲೇ ಹೆತ್ತು, ಗುಡ್ಡವನ್ನೇ ಹೊದ್ದು ಮಲಗಿದ ಬಾಣಂತಿ! ಗಂಡಸರು ರುಮಾಲು ತೆಗೆದರು. ದ್ಯಾವಕ್ಕ ಮಾತ್ರ, "ಇದರ ಗಂಡ ಎಲ್ಲೈತಿ?" ಎಂದಳು.

"ನೀನೇ ಕೇಳು ಬೇ ಅದನ್ನ," ಎಂದ ಗೌಡ.

ಮುದುಕಿ ಬಗ್ಗಿದಳು. ಆ ಮರಿಗಳ ಬಾಯನ್ನು ಒಂದೊಂದಾಗಿ ಬೆರಳಿನಿಂದ ಸವರಿದಳು. ಆಮೇಲೆ ಸೊಸೆಯ ಬೆನ್ನಿನಿಂದ ಕೂಸನ್ನು ಬಿಚ್ಚಿ ಅವಳ ಮಡಿಲಿಗಿಟ್ಟು, "ಕುಡಿಸು, ಹಸಿದೈತಿ" ಎಂದಳಂತೆ. ಮಗನಂತೂ ಕಡೆಗೂ ಬರಲಿಲ್ಲ.

ಆ ಹಲಗೆ ಇಂದಿಗೂ ಬಂಡೆಯ ಬುಡದಲ್ಲಿದೆ, ಎಣ್ಣೆ ಸವರಿ ಸವರಿ ಕಪ್ಪಾಗಿದೆ. ಹೆತ್ತವರು ಕೂಸನ್ನು ಅಲ್ಲಿಗೊಯ್ದು ಹೆಸರಿಡುವಾಗ ತಾಯಿಯ ಹೆಸರೊಂದನ್ನೇ ಕೂಗುತ್ತಾರೆ. ಅಪ್ಪ ಯಾರೆಂದು ಆ ಕಲ್ಲಿನ ಮುಂದೆ ಎಂಥ ಬಾಯಿಬಡುಕರೂ ಕೇಳುವುದಿಲ್ಲ. ಕೇಳುವುದೇನಿದ್ದರೂ ಊರು ಸೇರಿದ ಮೇಲೆ.