ಓಬಜ್ಜಿಯ ಪಾನಕ

ವೇದಾವತಿ ತೀರದ ಆಶ್ರಮದಲ್ಲಿ ವೈದ್ಯವಿದ್ಯೆ ಕಲಿಯುತ್ತಿದ್ದ ತಿಪ್ಪೇಶನಿಗೆ ಬೇಲದ ಹಣ್ಣಿನ ಮೂವತ್ತೆಂಟು ಗುಣಗಳು ಬಾಯಿಪಾಠವಾಗಿದ್ದವು. ಹಣ್ಣನ್ನು ಮಾತ್ರ ಅವನಿನ್ನೂ ತಿಂದಿರಲಿಲ್ಲ. ಓದಿನ ನಡುವೆ ಪುರುಸೊತ್ತಾಗಿರಲಿಲ್ಲ.

ಒಂದು ಬೆಳಿಗ್ಗೆ ಓಬಜ್ಜಿಯನ್ನು ಅವಳ ಸೊಸೆ ಕರೆತಂದು ಜಗುಲಿಯಲ್ಲಿ ಮಲಗಿಸಿ ಹೋದಳು. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ತಂಗಿ ತೀರಿಕೊಂಡ ಮೇಲೆ ಅಜ್ಜಿ ನಾಲ್ಕು ದಿನದಿಂದ ಏನೂ ಮುಟ್ಟಿರಲಿಲ್ಲ.

ಗುರು ನಾಡಿ ಹಿಡಿದು ನೋಡಿದರು. ತಿಪ್ಪೇಶನ ಕೈಗೊಂದು ಬೇಲದ ಹಣ್ಣು ಕೊಟ್ಟರು.

"ಪಾನಕ ಮಾಡಿ ಕುಡಿಸು. ಇವತ್ತೂ ಉಪವಾಸವಿದ್ದರೆ ಈ ಜೀವ ಉಳಿಯುವುದು ಕಷ್ಟ."

ಹೇಳಿದವರು ಹೋಗಿ ಮರದ ನೆರಳಲ್ಲಿ ಕುಳಿತರು.

"ಅಜ್ಜಿ, ಇದು ದಾಹಕ್ಕೆ ಒಳ್ಳೆಯದು," ಎಂದು ತಿಪ್ಪೇಶ ಆರಂಭಿಸಿದ. "ಅಜೀರ್ಣಕ್ಕೆ ಒಳ್ಳೆಯದು. ಬಿಕ್ಕಳಿಕೆಗೆ..."

"ನನಗೆ ಬಿಕ್ಕಳಿಕೆ ಇಲ್ಲ ಮಗ."

ಇಪ್ಪತ್ತನೆಯ ಗುಣಕ್ಕೆ ಬರುವಷ್ಟರಲ್ಲಿ ಅಜ್ಜಿ ಗೋಡೆಯ ಕಡೆ ತಿರುಗಿದ್ದಳು.

ಇನ್ನು ಹಣ್ಣು ಒಡೆಯದೆ ಬೇರೆ ದಾರಿಯಿರಲಿಲ್ಲ. ಚಾಕು ಹಾಕಿದ, ಜಾರಿತು. ಮೊಣಕಾಲಲ್ಲಿ ಒತ್ತಿದ, ಮೊಣಕಾಲು ನೊಂದಿತು. ಹಣ್ಣು ಉರುಳಿ ಅಜ್ಜಿಯ ಬೆನ್ನಿಗೆ ತಗುಲಿತು.

"ತೆಂಗಿನಕಾಯನ್ನಾದರೂ ಒಡೆದಿದ್ದೀಯೇನಪ್ಪ?"

"ಒಡೆಯುವುದನ್ನು ನೋಡಿದ್ದೇನೆ."

ಅಜ್ಜಿ ಎದ್ದು ಕುಳಿತು ಹಣ್ಣನ್ನು ಜಗುಲಿಯ ಕಲ್ಲಿಗೆ ಒಮ್ಮೆ ಕುಟ್ಟಿದಳು. ಎರಡು ಹೋಳಾಯಿತು. ಕಂದು ತಿರುಳಿನ ಹುಳಿವಾಸನೆ ಸುತ್ತ ಹರಡಿತು.

ತಿಪ್ಪೇಶ ತಿರುಳನ್ನು ನೀರಿಗೆ ಹಾಕಿ, ಮೇಲೆ ಒಂದು ಚಿಟಿಕೆ ಬೆಲ್ಲ ಉದುರಿಸಿದ.

"ಇದು ಇರುವೆಗೂ ಸಾಲದು. ಕೊಡು ಇಲ್ಲಿ."

ಅಜ್ಜಿ ಹಿಸುಕಿದಳು, ನಾರು ತೆಗೆದಳು, ಬೆಲ್ಲ ಹಾಕಿ ರುಚಿ ನೋಡಿದಳು. ಇನ್ನಷ್ಟು ಹಾಕಿ ಮತ್ತೆ ನೋಡಿದಳು. ಏಲಕ್ಕಿ ಎಲ್ಲಿ ಎಂದು ಗದರಿ, ಅದು ಬಂದ ಮೇಲೆ ಮತ್ತೊಮ್ಮೆ ನೋಡಿದಳು. ಹಾಗೆ ನೋಡುನೋಡುತ್ತಲೇ ಒಂದು ಲೋಟ ಮುಗಿದಿತ್ತು.

"ನನ್ನ ತಂಗಿಯೂ ನಿನ್ನ ಹಾಗೇ. ಒಂದು ಕೆಲಸವೂ ಬರುತ್ತಿರಲಿಲ್ಲ," ಎಂದು ಅಜ್ಜಿ ಅವನ ಕೈಗೂ ಒಂದು ಲೋಟ ಇಟ್ಟಳು. "ಕುಡಿ. ನಾಳೆ ಬರುತ್ತೇನೆ."

ಸಂಜೆ ಅಜ್ಜಿ ಸೊಸೆಯ ಜೊತೆ ಹೋದ ಮೇಲೆ ತಿಪ್ಪೇಶ ಗುರುಗಳ ಎದುರು ತಲೆತಗ್ಗಿಸಿ ನಿಂತ.

"ಕೆಲಸ ಮಾಡಿದ್ದು ಹಣ್ಣಿನ ಯಾವ ಗುಣ, ಗುರುಗಳೇ? ನನಗೆ ಒಡೆಯಲೂ ಬರಲಿಲ್ಲ."

"ನಾಳೆ ಅಜ್ಜಿಗೆ ಹಲಸಿನ ಹಣ್ಣು ತರಿಸುತ್ತೇನೆ. ತೊಳೆ ಬಿಡಿಸಲು ಬರುತ್ತದೆಯೇ?"

"ಇಲ್ಲ."

"ನಾಳೆಯವರೆಗೆ ಕಲಿಯಬೇಡ."