ಮೂರು ದೀಪ, ಒಂದೇ ಹಗ್ಗ

ಶಿಷ್ಯನು ಕೇಳಿದನು: "ಗುರುಗಳೇ, ನಮ್ಮ ಓಣಿಯ ಹನ್ನೊಂದು ಮನೆಯವರು ತಾವು ಕೂಡಿಟ್ಟ ಹಣವನ್ನು ಒಂದು ಕ್ರಿಪ್ಟೋ ಟೋಕನ್‌ನಲ್ಲಿ ಹಾಕಬೇಕೆಂದಿದ್ದಾರೆ. ಹಾಕಬಹುದೋ ಬೇಡವೋ ಎಂದು ಇಂದು ಸಂಜೆ ನಾನು ಹೇಳಬೇಕು. ಆ ಟೋಕನ್ನನ್ನು ನಡೆಸುವ ಸ್ಮಾರ್ಟ್ ಕಾಂಟ್ರಾಕ್ಟ್‌ನ ಕೋಡಿನಲ್ಲಿ ಮೋಸವಿದೆಯೇ ಎಂದು ಪುಕ್ಕಟೆಯಾಗಿ ನೋಡಿ ಹೇಳುವ ಮೂರು ಜಾಲತಾಣಗಳಿವೆ. ಒಂದು ನೂರಕ್ಕೆ ತೊಂಬತ್ತೆರಡು ಅಂಕ ಕೊಟ್ಟಿತು. ಇನ್ನೊಂದು ಹಸಿರು ಗುರುತು ತೋರಿಸಿತು. ಮೂರನೆಯದು ದೋಷ ಕಾಣಲಿಲ್ಲ ಎಂದಿತು. ಈ ಮೂರರಲ್ಲಿ ಯಾವುದು ಉತ್ತಮ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದನು. ಅವನ ಅಂಗಳದಲ್ಲಿ ಹಗೇವು ಇತ್ತು. ಹಗೇವು ಎಂದರೆ ಜೋಳ ತುಂಬಿ ಬಾಯಿ ಮುಚ್ಚಿಡುವ, ನೆಲದೊಳಗಿನ ಆಳವಾದ ಗುಂಡಿ. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಇಳಿದವನು ಕೂಗುವುದಕ್ಕೂ ಆಗದೆ ಬೀಳುತ್ತಾನೆ. ಆದ್ದರಿಂದ ಇಳಿಯುವ ಮೊದಲು ಒಳಗೆ ದೀಪ ಬಿಟ್ಟು ನೋಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು.

ಬಿತ್ತನೆಯ ಜೋಳ ಹಗೇವಿನ ತಳದಲ್ಲಿತ್ತು. ರೈತನು ಬಾಯಿ ತೆರೆದನು. ನೆರೆಯ ಮೂವರು ಕರೆಯದೆಯೇ ಸಹಾಯಕ್ಕೆ ಬಂದರು. ಒಬ್ಬನು ಹಣತೆ ತಂದನು, ಒಬ್ಬನು ಕಂದೀಲು ತಂದನು, ಇನ್ನೊಬ್ಬನು ಹಿತ್ತಾಳೆಯ ದೀಪ ತಂದನು. ಅಲ್ಲೇ ಬಿದ್ದಿದ್ದ ರೈತನ ಹಗ್ಗಕ್ಕೆ ಕಟ್ಟಿ ಒಬ್ಬರಾದ ಮೇಲೆ ಒಬ್ಬರು ಇಳಿಬಿಟ್ಟರು. ಮೂರೂ ಉರಿದವು.

ಆಮೇಲೆ ಯಾರ ದೀಪವನ್ನು ಹೆಚ್ಚು ನಂಬಬೇಕು ಎಂದು ಮಾತು ಬೆಳೆಯಿತು. ಹಣತೆಯ ಕುಡಿ ಸಣ್ಣದು, ಅದೇ ಉರಿದಿದೆಯೆಂದರೆ ಇನ್ನೇನು ಬೇಕು ಎಂದನು ಒಬ್ಬ. ಗಾಜಿದ್ದರೆ ಉರಿ ಅಲುಗದು, ನೋಡುವುದು ಸುಲಭ ಎಂದನು ಇನ್ನೊಬ್ಬ. ರೈತನಿಗೆ ಕಂದೀಲು ಸರಿಯೆನಿಸಿತು. ಅವನು ಧೋತರ ಎತ್ತಿ ಕಟ್ಟಿ ಇಳಿಯಲು ಸಿದ್ಧನಾದನು.

ಅವನ ಹೆಂಡತಿ ಹಗೇವಿನ ಬಾಯಿಗೆ ಅಡ್ಡ ಕುಳಿತಳು. ಹಿಂದೊಮ್ಮೆ ಅವಳ ಅಣ್ಣ ಇಂಥದೇ ಹಗೇವಿಗೆ ಇಳಿದು ಸತ್ತಿದ್ದನು. ಅಂದೂ ದೀಪ ಉರಿದಿತ್ತು.

"ಏನವ್ವಾ, ಮೂರು ದೀಪ ಉರಿದರೂ ನಿನಗೆ ಕತ್ತಲೆಯೇ ಕಾಣುತ್ತದೆಯೇ?" ಎಂದು ಕಂದೀಲಿನವನು ನಕ್ಕನು.

"ದೀಪದ ಮಾತು ಬಿಡಪ್ಪಾ. ಹಗ್ಗ ತಳ ಮುಟ್ಟಿತೇನು?" ಎಂದಳು.

ಅದನ್ನು ಯಾರೂ ನೋಡಿರಲಿಲ್ಲ. ಹಗೇವು ಮೂರಾಳು ಆಳವಿತ್ತು. ಹಗ್ಗ ಎರಡಾಳು ಉದ್ದವೂ ಇರಲಿಲ್ಲ. ಅವಳು ಕುಳಿತಲ್ಲಿಂದ ಏಳದೆ ಎಮ್ಮೆ ಕಟ್ಟುವ ಹಗ್ಗವನ್ನು ತರಿಸಿದಳು. ಎರಡನ್ನೂ ಸೇರಿಸಿ ಗಂಟು ಹಾಕಿ ಕಂದೀಲನ್ನು ತಳದವರೆಗೆ ಬಿಟ್ಟಳು. ಅದು ಆರಿತು. ಹಣತೆ ಬಿಟ್ಟಳು. ಅದೂ ಆರಿತು. ಹಿತ್ತಾಳೆಯ ದೀಪ ತಂದವನು ತನ್ನದನ್ನು ತಾನೇ ಇಳಿಸಿ ನೋಡಿದನು, ಅದೂ ಉಳಿಯಲಿಲ್ಲ.

ಬೀಜವಿಲ್ಲದೆ ಆ ವರ್ಷ ಕಳೆಯುವಂತಿರಲಿಲ್ಲ. ಎಲೆ ತುಂಬಿದ ಕೊಂಬೆಗಳನ್ನು ಉದ್ದ ಹಗ್ಗಕ್ಕೆ ಕಟ್ಟಿ, ಹಗೇವಿನೊಳಗೆ ಮೇಲಕ್ಕೂ ಕೆಳಕ್ಕೂ ಆಡಿಸಿ, ಎಲ್ಲರೂ ಸೇರಿ ಎರಡು ದಿನ ಗಾಳಿ ಬದಲಿಸಿದರು. ಕೈಗೆ ಬೊಬ್ಬೆ ಬಂದರೂ ನಿಲ್ಲಿಸಲಿಲ್ಲ. ಮೂರನೆಯ ದಿನ ತಳದಲ್ಲಿ ದೀಪ ಉರಿಯಿತು. ಆಗ ಅವಳು ಪಕ್ಕಕ್ಕೆ ಸರಿದಳು. ರೈತನು ಇಳಿದನು.

ಕತೆ ಅಲ್ಲಿಗೆ ನಿಂತಿತು. ಶಿಷ್ಯನು ಫೋನ್ ತೆಗೆದು ಮೂರು ತಾಣಗಳನ್ನೂ ಮತ್ತೆ ಓದಿದನು. ಈ ಸಲ ಅಂಕವನ್ನು ಬಿಟ್ಟು ಅಡಿಯಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿದನು.

"ಮೂರೂ ಒಂದೇ ಕಡೆಯಿಂದ ಮಾಹಿತಿ ಪಡೆದಿವೆ, ಗುರುಗಳೇ. ಟೋಕನ್ ಮಾಡಿದವನು ನಾಳೆ ಆ ಕೋಡನ್ನೇ ಬದಲಿಸಬಲ್ಲನೇ ಎಂಬುದನ್ನು ಒಂದೂ ನೋಡಿಲ್ಲ. ಅದನ್ನು ನೋಡುವ ತಾಣ ಸಿಗುವವರೆಗೆ ಬೇಡವೆಂದೇ ಹೇಳುತ್ತೇನೆ. ಓಣಿಯವರು ಮರುಮಾತಾಡುವುದಿಲ್ಲ. ನಾನು ಹೇಳಿದರೆ ಮುಗಿಯಿತು, ಅವರು ಬೇರೆ ಯಾರನ್ನೂ ಕೇಳುವವರಲ್ಲ."

ಗುರುಗಳು ಹೇಳಿದರು: "ಹಾಗಾದರೆ ಅವರ ಪಾಲಿನ ದೀಪ ನೀನೇ, ನಿನ್ನ ಹಗ್ಗ ಎಷ್ಟು ಉದ್ದವೆಂದು ಅವರಿಗೆ ಹೇಳಿದ್ದೀಯಾ?"